ಯುಎಇಯಲ್ಲಿ ವ್ಯಾಪಾರ ನಡೆಸುತ್ತ ಊರಿನಿಂದ ಜನ ಕರೆಸುವವರು ತಿಳಿದಿರಬೇಕಾದ ಕಾನೂನು

ದುಬೈ, ಶಾರ್ಜಾಗಳಲ್ಲಿ ಕೆಫೆಟೇರಿಯಾ, ಕಾಫಿಪುಡಿ ವ್ಯಾಪಾರ, ವರ್ಕ್‌ಶಾಪ್ ನಡೆಸುವ ಹಾಸನ, ಚಿಕ್ಕಮಗಳೂರು ಕಡೆಯವರು ಆಳು ಬೇಕಾದಾಗ ಮೊದಲು ಫೋನ್ ಹಚ್ಚುವುದು ಊರಿಗೇ. ಗೊತ್ತಿರುವ ಮನೆಯ ಹುಡುಗ, ಬಾಯಿಮಾತಿನ ಸಂಬಳ, ಉಳಿದದ್ದು ಬಂದ ಮೇಲೆ ನೋಡಿಕೊಂಡರಾಯಿತು. 2022ರ ಫೆಬ್ರವರಿ 2ರಂದು ಹೊಸ ಕಾರ್ಮಿಕ ಕಾನೂನು ಜಾರಿಗೆ ಬಂತು. 2024ರ ಆಗಸ್ಟ್ 31ರಿಂದ ದಂಡ ಬಿಗಿಯಾಯಿತು. ಇನ್ನು ಈ ಬಾಯಿಮಾತಿನ ರೂಢಿ ಬಿಡಲೇಬೇಕು. ತಕರಾರು ಎದ್ದರೆ ಕಾರ್ಮಿಕ ಸಚಿವಾಲಯ, ಅಂದರೆ ಮೊಹ್ರೆ, ಮೊದಲು ತೆರೆದು ನೋಡುವುದು ತನ್ನಲ್ಲಿ ನೋಂದಾಯಿಸಿದ ಕರಾರನ್ನು.

ಅತಿ ದುಬಾರಿಯಾಗುವ ತಪ್ಪು ವಿಸಿಟ್ ವೀಸಾದಲ್ಲಿ ಕರೆಸಿ ಕೆಲಸಕ್ಕೆ ಹಚ್ಚುವುದು. ವರ್ಕ್ ಪರ್ಮಿಟ್ ಇಲ್ಲದೆ ದುಡಿಸಿದರೆ ಮಾಲೀಕನಿಗೆ ಈಗ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ. ಹಿಂದೆ ಇದು 50 ಸಾವಿರದಿಂದ 2 ಲಕ್ಷದವರೆಗಿತ್ತು. ಕರೆಸಿಕೊಂಡು ಕೆಲಸ ಕೊಡದಿದ್ದರೂ, ಬಾಕಿ ತೀರಿಸದೆ ಅಂಗಡಿ ಮುಚ್ಚಿದರೂ ಇದೇ ದಂಡ.

ಸರಿಯಾದ ದಾರಿ ಹೀಗೆ. ಮೊದಲು ಮೊಹ್ರೆಯ ಆಫರ್ ಲೆಟರ್ ತಯಾರಾಗಬೇಕು. ಹುಡುಗ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಇರುವಾಗಲೇ ಓದಿ ಸಹಿ ಹಾಕಬೇಕು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಲ್ಲಿ ಅದು ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಹಾಗಾಗಿ ಮೂಲ ವೇತನ, ಭತ್ಯೆ, ಕೆಲಸದ ಹೆಸರು, ರಜೆ, ಇಷ್ಟನ್ನಾದರೂ ಕನ್ನಡದಲ್ಲಿ ಬಿಡಿಸಿ ಹೇಳುವುದು ಮಾಲೀಕನ ಹೊಣೆ ಎಂದೇ ತಿಳಿಯಿರಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ಹೊರದೇಶದ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದದ್ದು. ಅವರಿಗೆ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಭಾರತದ ವಲಸೆ ಅನುಮತಿ ಆಗಲೇಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ.

ವೀಸಾ, ನೇಮಕಾತಿಯ ಖರ್ಚು ಪೂರ್ತಿ ಮಾಲೀಕನದು. ಅದನ್ನು ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುವುದು ಕಾನೂನುಬಾಹಿರ. ಕಳೆದುಕೊಂಡಾನು ಎಂಬ ಕಾಳಜಿಯಿಂದಲೇ ಆಗಲಿ, ಪಾಸ್‌ಪೋರ್ಟನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಸಂಬಳ ಡಬ್ಲ್ಯೂಪಿಎಸ್, ಅಂದರೆ ಮೊಹ್ರೆಯ ಕಣ್ಣಿಗೆ ಬೀಳುವ ಸಂಬಳ ಪಾವತಿ ವ್ಯವಸ್ಥೆಯ ಮೂಲಕವೇ ಹೋಗಬೇಕು. ನಮ್ಮವರಲ್ಲಿ ಬಹಳ ಜನ ಎಡವುವುದು ಇಲ್ಲೇ. ಹುಡುಗನ ಅಪ್ಪನ ಹಾಸನದ ಖಾತೆಗೆ ರೂಪಾಯಿಯಲ್ಲಿ ಹಾಕುತ್ತಾರೆ, ಇಲ್ಲಿ ಕೈಖರ್ಚಿಗೆ ಅಷ್ಟಿಷ್ಟು ಕೊಡುತ್ತಾರೆ. ಆ ಹುಡುಗನಿಗೆ ತೃಪ್ತಿಯಿದ್ದರೂ ಮೊಹ್ರೆಯ ದಾಖಲೆಯಲ್ಲಿ ಸಂಬಳ ಬಾಕಿ ಎಂದೇ ಕಾಣುತ್ತದೆ, ಹೊಸ ವರ್ಕ್ ಪರ್ಮಿಟ್‌ಗಳು ನಿಲ್ಲುತ್ತವೆ.

ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿಲ್ಲ. ಆ ಅವಧಿಯಲ್ಲಿ ತೆಗೆಯುವುದಾದರೂ 14 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಅವನೇ ಯುಎಇಯ ಬೇರೆ ಕಂಪನಿಗೆ ಹೋದರೆ ಒಂದು ತಿಂಗಳ ನೋಟಿಸ್, ಜೊತೆಗೆ ನಿಮ್ಮ ನೇಮಕಾತಿ ಖರ್ಚನ್ನು ಹೊಸ ಮಾಲೀಕ ತುಂಬಿಕೊಡಬೇಕು. ಪ್ರೊಬೇಷನ್ ಮುಗಿದ ಮೇಲೆ ನೋಟಿಸ್ ಅವಧಿ 30ರಿಂದ 90 ದಿನ.

ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟಿನಲ್ಲಿ, ಜಗಳ ಹುಟ್ಟುವುದು ಹಳೆಯ ನಿಯಮ ತಲೆಯಲ್ಲಿ ಉಳಿದಿರುವುದರಿಂದ. ಮೊದಲೆಲ್ಲ ತಾನಾಗಿ ರಾಜೀನಾಮೆ ಕೊಟ್ಟರೆ ಮೊತ್ತ ಕಡಿತವಾಗುತ್ತಿತ್ತು. ಈಗ ಆ ಕಡಿತವಿಲ್ಲ. ಒಂದು ವರ್ಷ ತುಂಬಿದವನಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ. ಮೂಲ ವೇತನ 2,400 ದಿರ್ಹಂ ಎಂದುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 80. 21 ದಿನಕ್ಕೆ 1,680, ಐದು ವರ್ಷಕ್ಕೆ 8,400. ಮತ್ತೆರಡು ವರ್ಷಕ್ಕೆ 4,800. ಏಳು ವರ್ಷ ದುಡಿದವನಿಗೆ ಒಟ್ಟು 13,200. ಸಂಬಳವಿಲ್ಲದ ರಜೆಯ ದಿನಗಳು ಲೆಕ್ಕಕ್ಕಿಲ್ಲ. ಕಾಫಿ ಕೊಯ್ಲಿಗೆಂದು ಊರಿಗೆ ಹೋಗಿ ಎರಡು ತಿಂಗಳು ನಿಂತವರ ವಿಷಯದಲ್ಲಿ ಇದನ್ನು ಆಗಲೇ ಬರೆದಿಡಿ. ಕರಾರು ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೈಸೇರಬೇಕು. ಗ್ರಾಚ್ಯುಟಿ ತಗ್ಗಲೆಂದು ಮೂಲ ವೇತನ ಇಳಿಸಿ ಭತ್ಯೆ ಏರಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ದೂರ ಬಂದು ದುಡಿದವನ ಗಂಟಿಗೆ ಕೈ ಹಾಕುವ ಕೆಲಸ ಅದು, ಮಾಡಬೇಡಿ.

ಕೆಲಸ ಬಿಟ್ಟ ಎರಡು ವರ್ಷದವರೆಗೂ ಅವನು ದೂರು ಕೊಡಬಹುದು, ಮೊದಲಿನ ಗಡುವು ಒಂದೇ ವರ್ಷವಿತ್ತು. 50,000 ದಿರ್ಹಂವರೆಗಿನ ತಕರಾರನ್ನು ಮೊಹ್ರೆಯೇ ತೀರ್ಮಾನಿಸುತ್ತದೆ. ಹಾಗಾಗಿ ಸಹಿ ಮಾಡಿಸಿದ ರಸೀದಿಗಳನ್ನು ಎಸೆಯಬೇಡಿ. ದುಬೈನ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ಫ್ರೀಜೋನ್‌ಗಳಿಗೂ ಮನೆಗೆಲಸದವರಿಗೂ ಕಾನೂನು ಬೇರೆ.

ತೆರಿಗೆಯ ವಿಷಯದಲ್ಲಿ ಒಂದೇ ಗೊಂದಲ ಬಿಡಿಸಿದರೆ ಸಾಕು. 3,75,000 ದಿರ್ಹಂ ಎಂಬ ಅಂಕಿ ಎರಡು ಕಡೆ ಬರುತ್ತದೆ. ವ್ಯಾಟ್‌ನಲ್ಲಿ ಅದು ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ. 2023ರ ಜೂನ್ 1ರಿಂದೀಚೆಗೆ ಶುರುವಾದ ಹಣಕಾಸು ವರ್ಷಗಳಿಗೆ ಬಂದ ಕಾರ್ಪೊರೇಟ್ ತೆರಿಗೆಯಲ್ಲಿ ಅದು ಲಾಭದ ಮಿತಿ. ಅದರ ಮೇಲಿನ ಲಾಭಕ್ಕೆ ಶೇ 9. ಲಾಭವಿಲ್ಲ ಎಂದು ಕಾರ್ಪೊರೇಟ್ ತೆರಿಗೆಗೆ ಕಂಪನಿಯನ್ನು ನೋಂದಾಯಿಸದೆ ಬಿಟ್ಟವರಿಗೆ 10,000 ದಿರ್ಹಂ ದಂಡ ಬೀಳುತ್ತದೆ, ಏಕೆಂದರೆ ನೋಂದಣಿಗೂ ಲಾಭಕ್ಕೂ ಸಂಬಂಧವಿಲ್ಲ.