ಆಫೀಸಿನ ಮೇಲ್‌ಗೆ ನಮ್ಮದೇ ಸರ್ಟಿಫಿಕೇಟ್: ಫೋನ್‌ಗಳಿಗೆ ಹಾಕಿದ್ದು ಹೀಗೆ

ನಮ್ಮದು ಚಿಕ್ಕ ಆಫೀಸು. ಒಳಗಿನ ಪತ್ರವ್ಯವಹಾರಕ್ಕೆ ಅಂತಲೇ ಒಂದು ಮೇಲ್ ಸರ್ವರ್ ಇದೆ, ಡೆಬಿಯನ್ ಲಿನಕ್ಸ್ ಮೇಲೆ ಡವ್‌ಕಾಟ್ (ಮೇಲ್ ಫೋನ್‌ಗೆ ಕೊಡುವುದು) ಮತ್ತು ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವುದು). ಆಫೀಸಿನ ವೈಫೈನಲ್ಲಿ ಇಲ್ಲವೇ ವಿಪಿಎನ್‌ನಲ್ಲಿ ಇದ್ದರೆ ಮಾತ್ರ ಸಿಗುತ್ತದೆ. ಅದರ ಹೆಸರು ಡಾಟ್ ಲ್ಯಾನ್ ಅಂತ ಮುಗಿಯುವುದರಿಂದ ಹೊರಗಿನ ಯಾವ ಸಂಸ್ಥೆಯೂ ಅದಕ್ಕೆ ಸರ್ಟಿಫಿಕೇಟ್ (ಇದು ಅದೇ ಸರ್ವರ್ ಅಂತ ಫೋನ್‌ಗೆ ತೋರಿಸುವ ಡಿಜಿಟಲ್ ಗುರುತುಪತ್ರ) ಕೊಡುವುದಿಲ್ಲ. ನಿಮ್ಮ ಹತ್ತಿರ ಸ್ವಂತ ಡೊಮೇನ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಬಳಸಿ, ಪುಕ್ಕಟೆ ಸಿಗುತ್ತದೆ. ಸರ್ವರ್ ಒಳಗೇ ಇದ್ದರೂ ಡಿಎನ್ಎಸ್ ಮೂಲಕ ಪಡೆಯಬಹುದು. ಹಾಗಿದ್ದರೆ ಕೆಳಗಿನ ಪಾಡು ನಿಮಗೆ ಬೇಡವೇ ಬೇಡ.

ಸೆಲ್ಫ್ ಸೈನ್ಡ್ ಅಂದರೆ ತನಗೆ ತಾನೇ ಬರೆದುಕೊಂಡ ಕ್ಯಾರೆಕ್ಟರ್ ಸರ್ಟಿಫಿಕೇಟ್ ಇದ್ದ ಹಾಗೆ. ಫೋನ್ ನಂಬದೇ ಇರುವುದು ಸರಿಯೇ. ಡೆಬಿಯನ್ ತಾನಾಗಿಯೇ ಮಾಡಿಡುವ ಸ್ನೇಕ್‌ಆಯಿಲ್ ಸರ್ಟಿಫಿಕೇಟ್ 10 ವರ್ಷ ಬಾಳುವಂಥದ್ದು. ಲ್ಯಾಪ್‌ಟಾಪ್‌ಗಳಲ್ಲಿ ಒಂದು ಸಲ ಒಪ್ಪಿಕೊಂಡರೆ ನಡೆದುಹೋಗುತ್ತದೆ, ಐಫೋನ್ ಮಾತ್ರ ಹತ್ತಿರಕ್ಕೂ ಸೇರಿಸುವುದಿಲ್ಲ. ಐಓಎಸ್ 13ರಿಂದ ನಿಯಮ ಬಿಗಿ. ಸರ್ವರ್ ಸರ್ಟಿಫಿಕೇಟ್ 825 ದಿನಕ್ಕಿಂತ ಜಾಸ್ತಿ ಅವಧಿಯದ್ದಾಗಿರಬಾರದು. ಆರ್‌ಎಸ್‌ಎ ಕೀ ಕನಿಷ್ಠ 2048 ಬಿಟ್ ಇರಬೇಕು. ಸರ್ವರ್ ಹೆಸರು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಅನ್ನುವ ಜಾಗದಲ್ಲೇ ಇರಬೇಕು. ಹಳೇ ಕಾಲದ ಹಾಗೆ ಕಾಮನ್ ನೇಮ್‌ನಲ್ಲಿ ಮಾತ್ರ ಬರೆದರೆ ಐಫೋನ್ ಅದನ್ನು ನೋಡುವುದೇ ಇಲ್ಲ.

ಹಾಗಾಗಿ ಸರ್ವರ್ ಸರ್ಟಿಫಿಕೇಟನ್ನೇ ನೇರವಾಗಿ ಫೋನ್‌ಗೆ ತುರುಕುವ ದಾರಿ ಬಿಟ್ಟೆ. ಮೊದಲು ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಮ್ಮದೇ ಒಂದು ರೂಟ್ (ಬೇರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್) ಮಾಡಿದೆ, 10 ವರ್ಷದ್ದು. ಅದರಿಂದ ಸಹಿ ಹಾಕಿದ ಸರ್ವರ್ ಸರ್ಟಿಫಿಕೇಟ್ 730 ದಿನದ್ದು. ಫೋನ್‌ಗೆ ಹೋಗುವುದು ರೂಟ್ ಮಾತ್ರ. ಸರ್ವರ್‌ದು ಮುಗಿದಾಗ ಹೊಸದು ಮಾಡಿ ಸರ್ವರ್‌ನಲ್ಲಿ ಬದಲಿಸಿದರೆ ಸಾಕು, ರೂಟ್ ನಂಬುವ ಫೋನ್‌ಗಳನ್ನು ಮತ್ತೆ ಮುಟ್ಟಬೇಕಿಲ್ಲ. ರೂಟ್‌ನ ಪ್ರೈವೇಟ್ ಕೀ (ಸಹಿ ಹಾಕಲು ಬೇಕಾದ ಗುಟ್ಟಿನ ಫೈಲ್) ಸರ್ವರ್‌ನಲ್ಲಿ ಇಲ್ಲ. ಪಾಸ್‌ವರ್ಡ್ ಹಾಕಿದ ಪೆನ್‌ಡ್ರೈವ್‌ನಲ್ಲಿ, ಬೀರುವಿನಲ್ಲಿದೆ. ಆ ಕೀ ಯಾರ ಕೈಗಾದರೂ ಸಿಕ್ಕರೆ ಅವರು ಯಾವ ಸೈಟಿನ ಹೆಸರಿನಲ್ಲಿ ಬೇಕಾದರೂ ಸರ್ಟಿಫಿಕೇಟ್ ಮಾಡಿ ನಮ್ಮ ಫೋನ್‌ಗಳಿಗೆ ಟೋಪಿ ಹಾಕಬಹುದು.

ಐಫೋನ್‌ಗಳಿಗೆ ರೂಟ್ ಫೈಲನ್ನು ಏರ್‌ಡ್ರಾಪ್‌ನಲ್ಲಿ ಕಳಿಸಿದೆ. ಪ್ರೊಫೈಲ್ ಡೌನ್‌ಲೋಡ್ ಆಗಿದೆ ಅಂತ ಬರುತ್ತದೆ. ಸೆಟ್ಟಿಂಗ್ಸ್, ಜನರಲ್, ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಇನ್‌ಸ್ಟಾಲ್ ಒತ್ತಿ ಪಾಸ್‌ಕೋಡ್ ಕೊಟ್ಟರೆ ಹಸಿರು ಟಿಕ್ ಕಾಣುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಮುಗಿದಿರುವುದಿಲ್ಲ. 2017ರ ಐಓಎಸ್ 10.3 ಬಂದಾಗಿನಿಂದ ಇನ್ನೊಂದು ಬಾಗಿಲು ದಾಟಬೇಕು. ಜನರಲ್‌ನಲ್ಲೇ ಅಬೌಟ್ ತೆಗೆದು, ತೀರಾ ಕೆಳಗೆ ಇರುವ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ನಲ್ಲಿ ನಮ್ಮ ರೂಟ್ ಎದುರಿನ ಸ್ವಿಚ್ ಆನ್ ಮಾಡಬೇಕು. ಅಷ್ಟು ಕೆಳಗೆ ಯಾರೂ ಹೋಗಿ ನೋಡುವುದಿಲ್ಲ. "ಹಾಕಿದೀನಿ ಸರ್, ಆದರೂ ಮೇಲ್ ಬರ್ತಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಈ ಸ್ವಿಚ್ ಬಗ್ಗೆ.

ಆಂಡ್ರಾಯ್ಡ್ ಕಥೆ ಬೇರೆ. ಆಂಡ್ರಾಯ್ಡ್ 11ರಿಂದ ಸೆಟ್ಟಿಂಗ್ಸ್ ಒಳಗೇ ಹೋಗಿ, ಸೆಕ್ಯೂರಿಟಿ ಭಾಗದಲ್ಲಿ ಸಿಎ ಸರ್ಟಿಫಿಕೇಟ್ (ಸಿಎ ಅಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕಿ ಕೊಡುವವರು) ಆರಿಸಿ, ಎಚ್ಚರಿಕೆಯ ಪರದೆ ದಾಟಿ ಹಾಕಬೇಕು. ಯಾವ ಮೆನುವಿನ ಒಳಗೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲು. ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಸರ್ಟಿಫಿಕೇಟ್ ಅಂತ ಹುಡುಕುವುದು ಸುಲಭ. ಸ್ಕ್ರೀನ್ ಲಾಕ್ ಕಡ್ಡಾಯ. ಪ್ರೈವೇಟ್ ಕೀ ಬೇಕು ಅಂತ ಫೋನ್ ಹಟ ಹಿಡಿದರೆ ಹೆದರಿ ಕೀ ಫೈಲ್ ಕೊಡಬೇಡಿ. ಆ ಸರ್ಟಿಫಿಕೇಟ್‌ನಲ್ಲಿ ಸಿಎ ಅನ್ನುವ ಗುರುತು ಇಲ್ಲ ಅಂತ ಅರ್ಥ. ಸುಮ್ನೆ ರೂಟನ್ನು ಆ ಗುರುತಿನ ಜೊತೆ ಮತ್ತೆ ಮಾಡಿ.

ಇಷ್ಟಾದರೂ ಆಂಡ್ರಾಯ್ಡ್‌ನಲ್ಲಿ ಮೇಲ್ ಓಡುತ್ತದೆ ಅನ್ನುವ ಖಾತ್ರಿ ಇಲ್ಲ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ, ನಾವು ಕೈಯಾರೆ ಹಾಕಿದ ರೂಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ನಂಬಬೇಕು ಅಂತ ಆ್ಯಪ್ ಮಾಡಿದವರೇ ಬರೆದಿರಬೇಕು. ಅದಕ್ಕೇ ನಮ್ಮಲ್ಲಿ ಆಂಡ್ರಾಯ್ಡ್ ಇರುವವರಿಗೆಲ್ಲ ಕೆ-9 ಮೇಲ್ ಅನ್ನುವ ಆ್ಯಪ್ ಹಾಕಿಕೊಟ್ಟೆ. ಗೊತ್ತಿಲ್ಲದ ಸರ್ಟಿಫಿಕೇಟ್ ಕಂಡರೆ ಅದು ವಿವರ, ಫಿಂಗರ್‌ಪ್ರಿಂಟ್ (ಆ ಸರ್ಟಿಫಿಕೇಟನ್ನು ಗುರುತಿಸುವ ಅಂಕಿ, ಅಕ್ಷರಗಳ ಸಾಲು) ಎಲ್ಲ ತೋರಿಸಿ, ಒಪ್ಪುತ್ತೀರಾ ಅಂತ ಕೇಳುತ್ತದೆ. ಮೇಲ್ ತರುವ 993 ಪೋರ್ಟಿಗೆ ಒಂದು ಸಲ, ಕಳಿಸುವ 587ಕ್ಕೆ ಇನ್ನೊಂದು ಸಲ. ಸರ್ವರ್ ಸರ್ಟಿಫಿಕೇಟ್ ಬದಲಾದಾಗ ಮತ್ತೆ ಕೇಳುತ್ತದೆ. ಕಿರಿಕಿರಿ ಹೌದು, ನನಗೆ ಮಾತ್ರ ಇಷ್ಟ.

ಯಾಕೆಂದರೆ ಇಡೀ ಕೆಲಸದ ಜೀವ ಇರುವುದು ಆ ಒಪ್ಪಿಗೆಯ ಬಟನ್‌ನಲ್ಲಿ. ನೋಡದೆ ಒತ್ತುವವರಿಗೆ ಈ ಭದ್ರತೆಯೆಲ್ಲ ಇದ್ದೂ ಒಂದೇ, ಇಲ್ಲದೆಯೂ ಒಂದೇ. ಮಧ್ಯೆ ಯಾರೋ ಕೂತು ಬೇರೆ ಸರ್ಟಿಫಿಕೇಟ್ ತೋರಿಸಿದರೂ ಇದೇ ಪರದೆ, ಇದೇ ಬಟನ್. ಅದಕ್ಕೆ ಸರ್ವರ್ ಸರ್ಟಿಫಿಕೇಟ್‌ನ ಎಸ್‌ಎಚ್‌ಎ 256 ಫಿಂಗರ್‌ಪ್ರಿಂಟ್ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ಒಟ್ಟು 32 ಜೋಡಿ. ಲೆಕ್ಕಪತ್ರ ನೋಡುವ ಮೇಡಂ ಕನ್ನಡಕ ಏರಿಸಿ, ಒಂದೊಂದೇ ಜೋಡಿಯ ಮೇಲೆ ಪೆನ್ಸಿಲ್ ಇಟ್ಟು, "ಎ4, 7ಎಫ್, 09..." ಅಂತ ಜೋರಾಗಿ ಓದುತ್ತಾ ತಾಳೆ ನೋಡಿದರು. "ಇದು ಬ್ಯಾಂಕ್ ಸ್ಟೇಟ್‌ಮೆಂಟ್‌ಗಿಂತ ಸುಲಭ ಬಿಡಿ" ಅಂದರು. ಹುಡುಗರು ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಸಾಕು ಅನ್ನುತ್ತಾರೆ. ನಾನು ಬಿಡುವುದಿಲ್ಲ.

ಇನ್ನು ಎರಡು ಸಣ್ಣ ವಿಷಯ. ಆ್ಯಪ್‌ನಲ್ಲಿ ಸರ್ವರ್ ಜಾಗದಲ್ಲಿ ಐಪಿ ನಂಬರ್ ಹೊಡೆದರೆ ಸರ್ಟಿಫಿಕೇಟ್‌ನಲ್ಲಿರುವ ಹೆಸರಿಗೆ ಹೊಂದುವುದಿಲ್ಲ, ಹೆಸರನ್ನೇ ಹಾಕಬೇಕು. ಫೋನಿನ ತಾರೀಖು ಹಿಂದೆ ಮುಂದೆ ಆಗಿದ್ದರೂ ಸರ್ಟಿಫಿಕೇಟ್ ಸರಿಯಿಲ್ಲ ಅಂತಲೇ ತೋರಿಸುತ್ತದೆ.

ಯಾರಾದರೂ ಕೆಲಸ ಬಿಟ್ಟರೆ ಮೇಲ್ ಅಕೌಂಟ್ ಮುಚ್ಚುವುದು ಎಲ್ಲರಿಗೂ ನೆನಪಿರುತ್ತದೆ, ಫೋನ್‌ನಲ್ಲಿ ಕೂತಿರುವ ರೂಟ್ ನೆನಪಿರುವುದಿಲ್ಲ. ಹೋಗುವ ದಿನ ಅವರ ಎದುರಿಗೇ ತೆಗೆಸುತ್ತೇನೆ: ಐಫೋನ್‌ನಲ್ಲಿ ಆ ಪ್ರೊಫೈಲ್ ಅಳಿಸಿದರೆ ಆಯಿತು, ಆಂಡ್ರಾಯ್ಡ್‌ನಲ್ಲಿ ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್‌ನ ಯೂಸರ್ ಪಟ್ಟಿಯಿಂದ.