ಮಸಿಯಿಂದ ಪೆನ್ಸಿಲಿಗೆ

ಪದವಿ ತರಗತಿಗಳಿಗೆ ಅಮೆರಿಕದ ಇತಿಹಾಸವನ್ನು ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಅದರಲ್ಲಿ ಮೊದಲ ಒಂಬತ್ತು ವರ್ಷ ಗೆಟ್ಟಿಸ್‌ಬರ್ಗ್ ಭಾಷಣದ ಬಗ್ಗೆ ಹೇಳಿದ್ದು ಶುದ್ಧ ಕಟ್ಟುಕಥೆ. ರೈಲಿನಲ್ಲಿ ಕುಳಿತ ಅಧ್ಯಕ್ಷ ಲಿಂಕನ್ ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಅವಸರದಲ್ಲಿ ನಾಲ್ಕು ಸಾಲು ಗೀಚಿಕೊಂಡರು, ಎರಡು ನಿಮಿಷ ಮಾತಾಡಿದರು, ಜಗತ್ತು ಬೆರಗಾಯಿತು! ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ಅಂಥ ಕಥೆ ಕೈಯಲ್ಲಿರುವಾಗ ಮೂಲ ದಾಖಲೆ ಹುಡುಕುವ ಉಸಾಬರಿ ಮೇಷ್ಟ್ರಿಗೆ ಯಾಕೆ ಬೇಕು?

ಬೇಕೆನಿಸಿದ್ದು ಉತ್ತರಪತ್ರಿಕೆ ತಿದ್ದುವಾಗ. ಪ್ರಜಾಪ್ರಭುತ್ವ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳೇ ನಡೆಸುವ ಸರ್ಕಾರ. ಇದನ್ನು ಬಾಯಿಪಾಠ ಮಾಡಿಸಿದವನೂ ನಾನೇ. ಪೂರ್ತಿ ಭಾಷಣವನ್ನೇ ಕನ್ನಡಕ್ಕೆ ತಂದು ಕೊಡೋಣವೆಂದು ಕುಳಿತಾಗ ನನ್ನ ತಪ್ಪು ತಿಳಿಯಿತು. ಅದು ವ್ಯಾಖ್ಯಾನವಲ್ಲ, ಉದ್ದನೆಯ ವಾಕ್ಯವೊಂದರ ಬಾಲ. ಅಂಥ ಸರ್ಕಾರ ಭೂಮಿಯ ಮೇಲಿಂದ ಅಳಿದುಹೋಗಬಾರದು ಎಂಬುದು ಅಲ್ಲಿನ ಮಾತು. ಆಡಿದ್ದು ಗೆಟ್ಟಿಸ್‌ಬರ್ಗ್ ಊರಿನ ಸ್ಮಶಾನದಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ನವೆಂಬರ್ 19ರಂದು. ಅದೇ ಜುಲೈನಲ್ಲಿ ಅಲ್ಲಿ ನಡೆದ ಮೂರು ದಿನಗಳ ಕದನದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸೇರಿ ಸುಮಾರು 51,000 ಮಂದಿ. ಹೊಲಗಳಲ್ಲಿ ಹೂತಿದ್ದ ಹೆಣಗಳನ್ನು ತೆಗೆದು ಹೊಸ ಸ್ಮಶಾನಕ್ಕೆ ಸಾಗಿಸುವ ಕೆಲಸ ಲಿಂಕನ್ ಮಾತಾಡುವ ಹೊತ್ತಿಗೂ ಮುಗಿದಿರಲಿಲ್ಲ.

ಅನುವಾದಕ್ಕೆ ಯಾವ ಪಾಠವನ್ನು ಹಿಡಿಯಬೇಕು ಎಂಬ ತಕರಾರು ಆಮೇಲೆ ಬಂತು. ಲಿಂಕನ್ ಕೈಬರಹದ ಪ್ರತಿಗಳು ಐದಿವೆ, ಒಂದರಂತೆ ಇನ್ನೊಂದಿಲ್ಲ. ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ, ಐದು ಅಂಕಣ ಎಳೆದು, ಸಾಲು ಸಾಲಾಗಿ ಬರೆಯುತ್ತಾ ಹೋದೆ. ‘ದೇವರ ಅಧೀನದಲ್ಲಿ’ ಎಂಬ ಮಾತು ಮೊದಲ ಎರಡು ಪ್ರತಿಗಳಲ್ಲಿ ಇಲ್ಲ, ನಂತರದ ಮೂರರಲ್ಲಿ ಇದೆ. ಅಂದು ಸ್ಥಳದಲ್ಲಿದ್ದ ಪತ್ರಿಕಾ ವರದಿಗಾರರು ಅದನ್ನು ಕೇಳಿ ವರದಿ ಮಾಡಿದ್ದಾರೆ. ನಿಂತಲ್ಲೇ ಸೇರಿಸಿರಬೇಕು ಎಂಬುದು ನನ್ನ ಲೆಕ್ಕ.

ನಿಕೊಲೆ ಪ್ರತಿ ಎಂದು ಕರೆಯುವ ಹಾಳೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಲಿಂಕನ್ನರ ಕಾರ್ಯದರ್ಶಿ ಜಾನ್ ನಿಕೊಲೆ ಇಟ್ಟುಕೊಂಡಿದ್ದ ಪ್ರತಿ ಅದು. ಅದರ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಒಂದಿಡೀ ಸಂಜೆ ನೋಡಿದೆ. ಮೊದಲ ಪುಟ ಅಧ್ಯಕ್ಷರ ನಿವಾಸದ ಹೆಸರು ಅಚ್ಚಾದ ಕಾಗದ, ಬರಹ ಮಸಿಯದು. ಲಕೋಟೆಯ ಕಥೆ ಅಲ್ಲಿಗೆ ಸತ್ತಿತು. ಆ ಪುಟದ ಕೊನೆಯಲ್ಲಿ ಮೂರು ಪದಗಳನ್ನು ಹೊಡೆದು ಹಾಕಿ, ಪೆನ್ಸಿಲಿನಲ್ಲಿ ಬೇರೆ ಪದ ಬರೆದಿದ್ದಾರೆ. ಕೊನೆಯ ಪದ ಜಾಗ ಸಾಲದೆ ‘ಡೆಡಿಕ’ ಎಂದು ಅರ್ಧಕ್ಕೆ ನಿಂತಿದೆ, ಉಳಿದ ‘ಟೆಡ್’ ಎರಡನೆಯ ಪುಟದ ತಲೆಯಲ್ಲಿದೆ. ಆ ಪುಟದ ಕಾಗದವೇ ಬೇರೆ, ಬರಹವೆಲ್ಲ ಪೆನ್ಸಿಲ್. ಎರಡು ಪುಟ ಸೇರುವ ಜಾಗದಲ್ಲಿ ವ್ಯಾಕರಣವೂ ಕೆಟ್ಟಿದೆ. ಮೊದಲರ್ಧವನ್ನು ವಾಷಿಂಗ್ಟನ್ನಿನಲ್ಲಿ ನೆಮ್ಮದಿಯಾಗಿ ಬರೆದು, ಉಳಿದದ್ದನ್ನು ಊರು ತಲುಪಿದ ಮೇಲೆ ತಿದ್ದಿ ಜೋಡಿಸಿದಂತಿದೆ. ವೇದಿಕೆಯ ಮೇಲೆ ಕೈಯಲ್ಲಿದ್ದದ್ದು ಇದೇ ಪ್ರತಿಯೇ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್. ಎರಡು ಗಂಟೆ ಮಾತಾಡಿದರು, ಪಾಪ, ಈಗ ಕೇಳುವವರಿಲ್ಲ. ಹ್ಯಾರಿಸ್‌ಬರ್ಗಿನ ಪತ್ರಿಕೆಯೊಂದು ಲಿಂಕನ್ನರದ್ದು ಬಾಲಿಶ ಮಾತು ಎಂದು ಬರೆದಿತ್ತು. ಅದರ ವಾರಸುದಾರ ಪತ್ರಿಕೆ 2013ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು, ನೂರೈವತ್ತು ವರ್ಷ ತಡವಾಗಿ.

ಅನುವಾದದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಭಾಷಣದ ಆರಂಭದಲ್ಲೇ ಬರುವ, ದೇಶ ಹುಟ್ಟಿದ್ದು 87 ವರ್ಷಗಳ ಹಿಂದೆ ಎಂಬ ಮಾತು. 1863ರಿಂದ ಕಳೆದು ನೋಡಿದರೆ ಸಿಗುವುದು 1776, ಸಂವಿಧಾನ ರಚನೆಯಾದ 1787 ಅಲ್ಲ. ಆ ಸಂವಿಧಾನ ಗುಲಾಮಗಿರಿ ಎಂಬ ಪದವನ್ನು ಬಳಸದೆಯೇ ಗುಲಾಮಗಿರಿಗೆ ಜಾಗ ಕೊಟ್ಟಿತ್ತು. ಲಿಂಕನ್ ಅದನ್ನು ದಾಟಿ, ಎಲ್ಲರೂ ಸಮಾನರು ಎಂದ ಸ್ವಾತಂತ್ರ್ಯ ಘೋಷಣೆಯಿಂದ ದೇಶದ ವಯಸ್ಸನ್ನು ಎಣಿಸಿದರು. ಇಷ್ಟು ದೊಡ್ಡ ವಾದವನ್ನು ಒಂದು ಕಳೆಯುವ ಲೆಕ್ಕದಲ್ಲಿ ಅಡಗಿಸಿಟ್ಟದ್ದು ವಕೀಲನ ಜಾಣತನ.

ಈಗ ತರಗತಿಯಲ್ಲಿ ಮೊದಲು ಆ ಎರಡು ಹಾಳೆಗಳನ್ನೇ ಹಂಚುತ್ತೇನೆ, ಬರೆದವರು ಯಾರೆಂದು ಹೇಳುವುದಿಲ್ಲ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, “ಸರ್, ಇವರಿಗೆ ಪರೀಕ್ಷೆಯಲ್ಲಿ ಮಸಿ ಮುಗಿದುಹೋಯಿತೇ?” ಎಂದು ಕೇಳಿದಳು. ಆ ದಿನದ ಪಾಠ ಅಲ್ಲಿಂದ ಶುರುವಾಯಿತು.