ಮಗಳು ಎಲ್ಲಿ ಓದ್ತಾಳೆ ಅಂತ ಕೇಳಿದರೆ

ಅಮೆರಿಕದ ಅರಿಜೋನಾದ ಚಾಂಡ್ಲರ್‌ಗೆ ಹೊಸದಾಗಿ ಬಂದಿದ್ದೀರಿ, ಮಕ್ಕಳು ಹೈಸ್ಕೂಲಿನಲ್ಲಿದ್ದಾರೆ ಅಂದ್ರೆ ನನ್ನ ತಪ್ಪು ಮೊದಲು ಕೇಳಿ.

ಅರಿಜೋನಾ ಸ್ಟೇಟ್ ಯೂನಿವರ್ಸಿಟಿ, ಅಂದ್ರೆ ಎಎಸ್‌ಯು, ಪಕ್ಕದ ಟೆಂಪಿಯಲ್ಲೇ ಇದೆ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರಿಗೆ ಸೀಟು ಸಿಗುತ್ತದೆ. ನನಗೆ ಸೇರದಿದ್ದದ್ದೇ ಅದು. ಸಿಇಟಿ ರ್‍ಯಾಂಕು ನೋಡಿ ಬೆಳೆದವರು ನಾವು, ಎಲ್ಲರಿಗೂ ಸಿಗುವ ಸೀಟಿಗೆ ಏನು ಬೆಲೆ? ಹಟ ಹಿಡಿದು ಮಗನನ್ನು ದೂರದ ಒಂದು ಖಾಸಗಿ ಕಾಲೇಜಿಗೆ ಕಳಿಸಿದೆ. ಮೊದಲ ವರ್ಷ ಒಂದೊಂದು ಕ್ಲಾಸಿನಲ್ಲಿ 300 ಜನ. ಸಾಲ ಇನ್ನೂ ತೀರಿಲ್ಲ. ಆ ಕಾಲೇಜಿನ ಹೆಸರಿರುವ ದಪ್ಪ ಸ್ವೆಟರನ್ನು ಇಲ್ಲಿನ ಬಿಸಿಲಲ್ಲಿ ಹಾಕಿಕೊಳ್ಳೋಕೂ ಆಗಲ್ಲ.

ಮಗಳು ಬ್ಯಾರೆಟ್ ಸೇರಿದಳು. ಎಎಸ್‌ಯು ಒಳಗಿನ ಆನರ್ಸ್ ಕಾಲೇಜು ಅದು. ನಮ್ಮ ಶಾಲೆಗಳಲ್ಲಿ 'ಎ' ಸೆಕ್ಷನ್ ಇರ್ತಿತ್ತಲ್ಲ, ಹೆಚ್ಚುಕಮ್ಮಿ ಹಾಗೆ. 1988ರಲ್ಲಿ ಶುರುವಾಯಿತು. 2000ದಲ್ಲಿ ಇಂಟೆಲ್ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಮತ್ತು ಪತ್ನಿ ಬಾರ್ಬರಾ 1 ಕೋಟಿ ಡಾಲರ್ ಕೊಟ್ಟ ಮೇಲೆ ಈ ಹೆಸರು ಬಂತು. ಮೊದಲ ವರ್ಷ 'ದಿ ಹ್ಯೂಮನ್ ಈವೆಂಟ್' ಅಂತ ಪುಟ್ಟ ಕ್ಲಾಸು, ಓದಿಕೊಂಡು ಬಂದು ವಾದ ಮಾಡಬೇಕು. ಸುಮ್ನೆ ಕೂತರೆ ಅಂಕ ಇಲ್ಲ. ಕೊನೆಗೆ ಥೀಸಿಸ್. ಹಾಸ್ಟೆಲ್ಲು, ಡೈನಿಂಗ್ ಹಾಲ್ ಬೇರೆ. ಫೀಸೂ ಬೇರೆ, ಅದೂ ಮಾಮೂಲಿ ಫೀಸಿನ ಮೇಲೆ!

ಬ್ಯಾರೆಟ್‌ಗೆ ಅರ್ಜಿ ಪ್ರತ್ಯೇಕ, ಬೇಗ ಹಾಕಿ. ಇನ್-ಸ್ಟೇಟ್ ಫೀಸಿಗೆ, ಅಂದ್ರೆ ಈ ರಾಜ್ಯದವರಿಗಿರುವ ಕಮ್ಮಿ ಫೀಸಿಗೆ, ಒಂದು ವರ್ಷದ ವಾಸದ ದಾಖಲೆ ಎತ್ತಿಡಿ. ಎಚ್-4, ಅಂದ್ರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಮೇಲೆ ಬಂದ ಮಕ್ಕಳಿಗೆ ಫೆಡರಲ್ (ಕೇಂದ್ರ ಸರಕಾರದ) ನೆರವು ಇಲ್ಲ. ಕಾಗದದ ಮಾತು ಇಷ್ಟೇ.

ಗಣೇಶನ ಹಬ್ಬದಲ್ಲಿ ಕೋಸಂಬರಿ ಬಡಿಸ್ತಾ ಒಬ್ಬರು ಕೇಳಿದರು, "ಮಗಳು ಎಲ್ಲಿ?" "ಎಎಸ್‌ಯು" ಅಂದವಳೇ ಉಸಿರು ಬಿಡದೆ "ಬ್ಯಾರೆಟ್ ಆನರ್ಸ್" ಅಂತ ಸೇರಿಸಿದೆ. ಮಗಳು ಪಕ್ಕದಲ್ಲೇ ಇದ್ದಳು. ಕಾರಿನಲ್ಲಿ ಹೇಳಿದಳು: "ಅಮ್ಮ, ನಾನು ಓದೋದು ಎಎಸ್‌ಯುನಲ್ಲಿ." ಸಿಟ್ಟು ಬಂದಾಗ ಮಾತ್ರ ಅವಳಿಗೆ ಕನ್ನಡ ಬರುತ್ತೆ. ಅವಳ ಲ್ಯಾಬಿನ ಜೊತೆಗಾತಿ ಬ್ಯಾರೆಟ್‌ನವಳಲ್ಲ. ರಾತ್ರಿ ಅಂಗಡಿಯಲ್ಲಿ ದುಡಿದು ಬಂದು ಇವಳಿಗಿಂತ ಜಾಸ್ತಿ ಅಂಕ ತೆಗೀತಾಳಂತೆ.

ಚೆನ್ನಾಗಿ ಓದುವ ಮಕ್ಕಳು ಹೊರಗೆ ಹೋಗದಿರಲಿ ಅಂತಲೇ ಸರಕಾರಿ ಯೂನಿವರ್ಸಿಟಿಗಳು ಇಂಥ ಆನರ್ಸ್ ಕಾಲೇಜುಗಳನ್ನು ಕಟ್ಟೋದು. ಪಾಠ, ಥೀಸಿಸ್ಸು ಮಕ್ಕಳಿಗೆ ಸರಿ. ಆ ಹೆಸರು ಮಾತ್ರ ನನ್ನಂಥ ಅಮ್ಮಂದಿರಿಗೇ ಇಟ್ಟಿದ್ದು ಅನ್ನಿಸುತ್ತೆ.

ಈಗ ಮಗಳು ಭಾನುವಾರ ಬಂದಾಗ ಎರಡು ಡಬ್ಬಿ ಬಿಸಿಬೇಳೆಬಾತ್ ಒಯ್ಯುತ್ತಾಳೆ. ಒಂದು ಲ್ಯಾಬಿನ ಆ ಹುಡುಗಿಗೆ. ಖಾರ ಕಮ್ಮಿ ಹಾಕು ಅಂತ ಶನಿವಾರವೇ ಫೋನ್ ಮಾಡಿರುತ್ತಾಳೆ.